ಮೊದಲ ಎರಿಯ ತುಪ್ಪ

ರೊಟ್ಟಿ ಬಡಿಯುತ್ತಿದ್ದ ಲಾಲಮ್ಮನ ಕೈ ಆ ಕೂಗು ಕೇಳಿ ಹಿಟ್ಟಿನ ಮೇಲೆಯೇ ನಿಂತುಬಿಟ್ಟಿತು.

"ಅಕ್ಕಾ... ಲಗೂ ಬರ್ರಿ! ನನ್ನ ಹುಳ ಸಾಯಾಕತ್ಯಾವ್ರೀ!"

ಹೊಲದ ಕಡೆಯಿಂದ ಕೂಗಿದವಳು ನೆಗೆಣ್ಣಿ ಜಗದೇವಿ, ತೀರಿಕೊಂಡ ಮೈದುನನ ಹೆಂಡತಿ. ಜೇನುಹುಳ ಯಾಕೆ ಸಾಯುತ್ತಿವೆ ಎಂದು ಅವಳಿಗೆ ಗೊತ್ತಿರಲಿಲ್ಲ. ಲಾಲಮ್ಮನಿಗೆ ಗೊತ್ತಿತ್ತು!

ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡ ದೇವೀಂದ್ರಪ್ಪ ಹೇಳಿದ್ದ: "ತೊಗರಿಗಿ ಕೀಡಿ ಬಿದ್ದದ. ನಾಳಿ ಮುಂಜಾನಿ ಎಣ್ಣಿ ಹೊಡೀತೀನಿ. ಜಗದೇವಿಗಿ ಹೇಳು, ಪೆಟಗಿ ಮುಚ್ಚಲಿ." ಕಾಳಗಿಯ ಆಚೆಗಿನ ಆ ಊರಿನಲ್ಲಿ, ತೊಗರಿ ಹೂವಾದಾಗ ಕೀಟನಾಶಕ ಹೊಡೆಯುವವರು ಜೇನು ಸಾಕುವ ಮನೆಗೆ ಹಿಂದಿನ ದಿನವೇ ಒಂದು ಮಾತು ತಿಳಿಸುವ ಪದ್ಧತಿ ಇತ್ತು. ಸಂಜೆ ಹುಳಗಳು ಮರಳಿದ ಮೇಲೆ ಪೆಟ್ಟಿಗೆಯ ಬಾಯಿ ಮುಚ್ಚಿ, ಹಸಿ ಗೋಣಿಚೀಲ ಹೊದಿಸಿದರೆ ಮರುದಿನ ಅವು ಹೊರಗೆ ಬರುತ್ತಿರಲಿಲ್ಲ. ಲಾಲಮ್ಮ ಹ್ಞೂಂ ಅಂದಿದ್ದಳು. ಹೇಳಲು ಮಾತ್ರ ಹೋಗಲಿಲ್ಲ.

ಎಲ್ಲ ಒಂದು ಬಾಟಲಿ ಜೇನುತುಪ್ಪಕ್ಕಾಗಿ! ಮೈದುನ ಭೀಮಶ್ಯಾನಿಗೆ ನಾಲ್ಕು ವರ್ಷವಿದ್ದಾಗ ಲಾಲಮ್ಮ ಈ ಮನೆಗೆ ಸೊಸೆಯಾಗಿ ಬಂದಿದ್ದಳು. ತಾಯಿಯಿಲ್ಲದ ಹುಡುಗನಿಗೆ ತಲೆಗೆ ಎರೆದು, ತುತ್ತು ಮಾಡಿ ಉಣಿಸಿ ಬೆಳೆಸಿದವಳು ಅವಳೇ. ಅವನು ದೊಡ್ಡವನಾಗಿ ಜೇನು ಸಾಕತೊಡಗಿದ ಮೇಲೆ, ದಸರೆ ಮುಗಿದು ಬಿಡಿಸಿದ ಮೊದಲ ಎರಿಯ, ಅಂದರೆ ಮೊದಲ ಜೇನುಹುಟ್ಟಿನ, ತುಪ್ಪವನ್ನು ಅವಳ ಕೈಗೇ ತಂದುಕೊಡುತ್ತಿದ್ದ. "ವೈನಿ, ನೀ ಬಾಯಾಗ ಹಾಕ್ಕೊಂಡ ಮ್ಯಾಗೇ ನಾ ಸಂತಿಗಿ ಒಯ್ಯಾಂವ" ಅನ್ನುತ್ತಿದ್ದ. ಭೀಮಶ್ಯಾ ತೀರಿಕೊಂಡು ಇದು ಎರಡನೆಯ ದಸರೆ. ಹೋದ ವರ್ಷ ಜಗದೇವಿ ತಪ್ಪದೆ ತಂದಿದ್ದಳು. ಈ ವರ್ಷ ಬಾಟಲಿ ಬರಲಿಲ್ಲ... ಈಗ ನಾವ್ಯಾರು ಆಕೆಗೆ, ಎಂದು ಲಾಲಮ್ಮ ಒಳಗೊಳಗೇ ಕುದಿದಳು. ನಾಲ್ಕು ಹುಳ ಸತ್ತರೆ ಬುದ್ಧಿ ಬರುತ್ತದೆ ಅಂದುಕೊಂಡಳು. ಮುನಿಸಿಕೊಂಡ ಮನಸ್ಸಿಗೆ ಲೆಕ್ಕ ಸರಿಯಾಗಿ ಎಲ್ಲಿ ಬರುತ್ತದೆ!

ಹೋಗಿ ನೋಡಿದರೆ ಪೆಟ್ಟಿಗೆಗಳ ಮುಂದೆ ನೆಲವೇ ಕಾಣುತ್ತಿರಲಿಲ್ಲ. ಸಾವಿರಾರು ಹುಳಗಳು ಅಂಗಾತ ಬಿದ್ದು ಒದ್ದಾಡುತ್ತಿದ್ದವು. ಜಗದೇವಿ ಮೊಣಕಾಲೂರಿ, ಜೀವ ಇರುವವನ್ನು ಒಂದೊಂದಾಗಿ ಸೆರಗಿಗೆ ಎತ್ತಿಕೊಳ್ಳುತ್ತಿದ್ದಳು. ಭೀಮಶ್ಯಾ ತನ್ನ ಕೈಯಾರೆ ಮಾಡಿದ ಆ ಎಂಟು ಪೆಟ್ಟಿಗೆಗಳೇ ಅವಳ ಅನ್ನ. ಅವು ಹೋದರೆ ಸನ್ನತಿಯ ತವರಿಗೆ ಗಂಟು ಕಟ್ಟುವುದೊಂದೇ ದಾರಿ.

ಬೆನ್ನಿಗೆ ಪಂಪು ಹೊತ್ತ ದೇವೀಂದ್ರಪ್ಪ ಓಡಿಬಂದ.

"ಪೆಟಗಿ ಯಾಕ ಮುಚ್ಚಿಲ್ಲ? ನಿನ್ನೀನೇ ಹೇಳಿ ಕಳಿಸಿದ್ದೆನಲ್ಲ!"

ಜಗದೇವಿ ತಲೆಯೆತ್ತಿದಳು. ಭಾವನನ್ನು ನೋಡಲಿಲ್ಲ, ಅಕ್ಕನನ್ನು ನೋಡಿದಳು. ಬಿಳಿಚಿಕೊಂಡ ಆ ಮುಖದಲ್ಲಿ ಅವಳಿಗೆ ಎಲ್ಲವೂ ತಿಳಿದುಹೋಯಿತು.

"ಹೌದ್ರಿ ಭಾವ... ಅಕ್ಕಾರು ಹೇಳಿದ್ರು. ನಾನೇ ಮರ್ತೆ."

"ಮರ್ತಿ? ನನ್ನ ತಮ್ಮ ಇದ್ದದ್ದೇ ಇದರಾಗ! ನಿನ್ನ ಕೈಲೆ ಆಗಲ್ಲಂದ್ರ ತವರಿಗಿ ಹೋಗಿಬಿಡು!" ಬೈಯುತ್ತ ಬೈಯುತ್ತಲೇ ಅವನ ದನಿ ಒಡೆಯಿತು. ಜಗದೇವಿ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು.

ಸುಮ್ಮನಿದ್ದರೆ ಲಾಲಮ್ಮ ಬಚಾವಾಗುತ್ತಿದ್ದಳು. ಆದರೆ ಸುಮ್ಮನಿರಲು ಆಗಲಿಲ್ಲ.

"ಆಕಿ ಸುಳ್ಳ ಹೇಳಾಕತ್ಯಾಳ! ನಾ ಹೇಳೇ ಇಲ್ಲ... ಒಂದು ಬಾಟ್ಲಿ ತುಪ್ಪಕ್ಕ ಸಿಟ್ಟ ಇಟ್ಕೊಂಡು ಬಾಯಿ ಬಿಡಲಿಲ್ಲ. ನನಗ ಬೈರಿ... ನಾನೇ ಪಾಪಿ!" ಎನ್ನುತ್ತ ಅಲ್ಲೇ ಕುಸಿದಳು.

ದೇವೀಂದ್ರಪ್ಪ ಪಂಪು ಇಳಿಸಿ ಬದುವಿನ ಮೇಲೆ ಕುಳಿತ. ಜಗದೇವಿ ಎದ್ದು ಬಂದು ಲಾಲಮ್ಮನ ಕೈಹಿಡಿದು ಎಬ್ಬಿಸಿದಳು. ಮೂಲೆಯ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದಳು. ಒಳಗೆ ಎರಿ ಇದ್ದ ಹಾಗೇ ಇತ್ತು.

"ಈ ವರ್ಷ ಮಳಿ ಭಾಳ ಆತ್ರಿ ಅಕ್ಕಾ. ಹುಳಕ್ಕ ತಿನ್ನಾಕೇ ಇರಲಿಲ್ಲ. ಅದಕ್ಕ ಮೊದಲ ಎರಿ ಬಿಡಸಲೇ ಇಲ್ಲ, ಅವಕ್ಕೇ ಬಿಟ್ಟೀನಿ."

"ಒಂದು ಮಾತು ಹೇಳಬಾರದಿತ್ತೇನ?"

"ಬರಿಗೈಲಿ ನಿಮ್ಮ ಮುಂದ ನಿಂದ್ರಾಕ ನಾಚಿಕಿ ಬಂತ್ರಿ..."

"ಹುಚ್ಚಿ! ಮತ್ತ ನನ್ನ ತಪ್ಪು ನೀ ಯಾಕ ಹೊತ್ಕೊಂಡಿ?"

ಜಗದೇವಿ ಸೆರಗಿನಲ್ಲಿದ್ದ ಹುಳಗಳನ್ನು ನೋಡಿದಳು. "ಹುಳ ಅಂತೂ ಹೋದ್ವು. ಮನಿ ಒಡೀಬಾರದು ಅಂದ್ಕೊಂಡೆ."

ಲಾಲಮ್ಮ ಅವಳನ್ನು ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ಇಬ್ಬರೂ ಒಂದೊಂದು ಪೆಟ್ಟಿಗೆಗೂ ಕಿವಿಯಿಟ್ಟು ಆಲಿಸಿದರು. ಐದರಲ್ಲಿ ಸದ್ದಿರಲಿಲ್ಲ. ಮೂರು ಸಣ್ಣಗೆ ಗುಂಯ್‌ಗುಡುತ್ತಿದ್ದವು. ಎರಿ ಬಿಡಿಸದೆ ಇಟ್ಟಿದ್ದ ಮೂಲೆಯ ಪೆಟ್ಟಿಗೆಯೂ ಅವುಗಳಲ್ಲಿ ಒಂದು.

"ರಾಣಿ ಒಳಗದಾಳ್ರಿ," ಅಂದಳು ಜಗದೇವಿ. "ಇಷ್ಟು ಸಾಕು, ಮತ್ತ ಬೆಳೀತಾವ."

"ನೀ ಎಲ್ಲೀಗೂ ಹೋಗಬ್ಯಾಡವ್ವಾ," ಎಂದು ಬದುವಿನ ಮೇಲಿಂದ ದೇವೀಂದ್ರಪ್ಪ ಹೇಳಿದ. ಅವನು ಮುಖ ಎತ್ತಿರಲಿಲ್ಲ.

ಹದಿನೈದು ದಿನಕ್ಕೆ ತೊಗರಿಗೆ ಎರಡನೆಯ ಸಲ ಎಣ್ಣೆ ಹೊಡೆಯುವುದು ಬಂತು. ಹಿಂದಿನ ಸಂಜೆ ಜಗದೇವಿ ಹೊಲಕ್ಕೆ ಬರುವಷ್ಟರಲ್ಲಿ ಲಾಲಮ್ಮ ಅಲ್ಲಿದ್ದಳು. ಗೋಣಿಚೀಲ ನೆನೆಸಿ ತಂದು, ಮೂಲೆಯ ಪೆಟ್ಟಿಗೆಯ ಮುಂದೆ ಕಾಲು ಚಾಚಿ ಕುಳಿತಿದ್ದಳು. ಬಿಸಿಲು ಇಳಿದು, ಹುಳಗಳು ಒಳಗೆ ಸೇರಿದವು. ಬಾಯಿ ಮುಚ್ಚಲು ಜಗದೇವಿ ಬಗ್ಗಿದಳು.

"ತಡಿಯವ್ವಾ," ಎಂದು ಲಾಲಮ್ಮ ಅವಳ ಕೈ ಹಿಡಿದಳು. "ಇನ್ನೊಂದು ಬರಾಕತ್ತದ."

ತೊಗರಿ ಹೂವಿನ ಕಡೆಯಿಂದ ಒಂಟಿ ಹುಳವೊಂದು ನಿಧಾನವಾಗಿ ಹಾರಿ ಬಂದು, ಪೆಟ್ಟಿಗೆಯ ಬಾಯಿಗೆ ಕುಳಿತು, ಒಳಗೆ ನಡೆಯಿತು. ಆಮೇಲೆ ಲಾಲಮ್ಮ ತಾನೇ ಬಾಯಿ ಮುಚ್ಚಿ ಗೋಣಿಚೀಲ ಹೊದಿಸಿದಳು.