ಹರಿಹರಕ್ಕೆ ಹೊರಟ ಗಂಟು

ಮುಂಗಾರು ಇನ್ನೂ ಬಿದ್ದಿರಲಿಲ್ಲ. ಆನೆಕೊಂಡ ಊರಿನ ಅಂಗಳಗಳಲ್ಲೆಲ್ಲ ಬೀಜದ ಶೇಂಗಾ ಸುಲಿಯುವ ಕೆಲಸ ನಡೆದಿತ್ತು. ಬಿತ್ತುವ ಬೀಜವಾದ್ದರಿಂದ ಕಾಳು ಒಡೆಯಬಾರದು, ಮೇಲಿನ ಕೆಂಪು ಸಿಪ್ಪೆಗೆ ಉಗುರು ತಾಗಬಾರದು. ಕಾಯಿಯ ಮೂತಿಯನ್ನು ಒಂದೊಂದಾಗಿ ಒತ್ತಿ, ಚಟ್ ಅನ್ನಿಸಿ ಬಿಡಿಸಬೇಕು.

ಒಂಬತ್ತು ವರ್ಷದ ಮರಿಯವ್ವನ ಕೈ ಕಾಯಿ ಒತ್ತುತ್ತಿತ್ತು. ಕಣ್ಣು ಮಾತ್ರ ಅವ್ವನ ಮೇಲಿತ್ತು.

ಅವ್ವ ಕಾಳವ್ವ ಮೂರು ಮೊರ ತಂದಳು. ಒಂದನ್ನು ತನ್ನ ಮುಂದಿಟ್ಟುಕೊಂಡಳು. ಒಂದನ್ನು ಮರಿಯವ್ವನಿಗೆ ಕೊಟ್ಟಳು. ಮೂರನೆಯದಕ್ಕೆ ಜೊಳ್ಳು ಕಾಯಿಗಳನ್ನೇ ಆರಿಸಿ ತುಂಬಿ, ಕಂಬದ ಬುಡದಲ್ಲಿ ಇಟ್ಟಳು. ಅದು ಅಜ್ಜಿ ಓಬವ್ವ ಕೂರುತ್ತಿದ್ದ ಜಾಗ. ಅಜ್ಜಿಯ ಕೈ ಸುಮ್ಮನಿರುತ್ತಿರಲಿಲ್ಲ, ಒಳ್ಳೆಯ ಕಾಯಿ ಕೊಟ್ಟರೆ ಕಾಳು ನುಗ್ಗಾಗುತ್ತಿತ್ತು. ಅದಕ್ಕೇ ಜೊಳ್ಳು.

ಆದರೆ ಅಜ್ಜಿ ತೀರಿಕೊಂಡು ಇಪ್ಪತ್ತು ದಿನವಾಗಿತ್ತು.

“ಅವ್ವ, ಅದು ಯಾರಿಗೆ?”

ಅವ್ವ ಮೊರವನ್ನೇ ನೋಡಿದಳು. ಆಮೇಲೆ ಅದನ್ನು ಹಿಂದಕ್ಕೆಳೆದುಕೊಂಡಳು.

ನಿನ್ನೆ ಅವ್ವ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳು. ಇವತ್ತು ಬೆಳಗ್ಗೆ ನೀರಿಗೆ ಹೋಗುವಾಗ, ಅಜ್ಜಿ ಹೊರಗೆ ಹೋಗದಿರಲೆಂದು ಕಟ್ಟುತ್ತಿದ್ದ ಹಗ್ಗವನ್ನು ಬಾಗಿಲಿಗೆ ಕಟ್ಟಿದ್ದಳು. ಈಗ ಮೊರ.

ಅಜ್ಜಿಯ ಮರೆವೂ ಹೀಗೇ ಶುರುವಾಗಿತ್ತು. ಮೊದಲು ಉಪ್ಪು, ಆಮೇಲೆ ಓಣಿಯ ದಾರಿ, ಆಮೇಲೆ ಮಗನ, ಅಂದರೆ ಮರಿಯವ್ವನ ಅಪ್ಪ ಗಿಡ್ಡಪ್ಪನ ಹೆಸರು. ಕೊನೆಕೊನೆಗೆ ಮರಿಯವ್ವನನ್ನೇ, “ಯಾರ ಮಗಳವ್ವ ನೀನು? ಉಂಡ್ಯೇನು?” ಎಂದು ಕೇಳುತ್ತಿದ್ದಳು. ರಾತ್ರಿ ಎದ್ದು ಹೋಗಿಬಿಟ್ಟಾಳೆಂದು ಅವ್ವ ತನ್ನ ಸೆರಗಿನ ತುದಿಯನ್ನು ಅಜ್ಜಿಯ ಕೈಗೆ ಕಟ್ಟಿಕೊಂಡು ಮಲಗುತ್ತಿದ್ದಳು. ನಾಲ್ಕು ವರ್ಷ ಹಾಗೇ ನಡೆದಿತ್ತು.

ಪಕ್ಕದ ಮನೆಯ ನಾಗಕ್ಕ ಜರಡಿ ಕೇಳಿಕೊಂಡು ಬಂದಳು.

“ಯಾಕ ಕಾಳವ್ವ, ಮುಖ ಇಳಿಬಿಟ್ಕಂಡು ಕುಂತೀ? ಮುದುಕಿಗೂ ಬಿಡುಗಡೆ ಆತು, ನಿನಗೂ ಆತು. ಇನ್ನ ಕಾಲು ಚಾಚಿ ಮಲಕ್ಕ.”

“ನಿದ್ದೇನೆ ಬರ್ತಿಲ್ಲ ನಾಗಕ್ಕ.”

“ಬರ್ತೈತೆ ಬಿಡು. ಸತ್ತಾಕಿ ಅತ್ತೆ, ಹಡೆದ ತಾಯಲ್ಲ.”

ಅವ್ವ ಎದ್ದು ಜರಡಿ ತಂದುಕೊಟ್ಟಳು. ಹೋಗುವಾಗ ನಾಗಕ್ಕ ಮರಿಯವ್ವನ ಕಿವಿಯ ಹತ್ತಿರ ಬಗ್ಗಿ, “ಮುದುಕಿ ಮರೆವು ನಿಮ್ಮವ್ವಗ ಹತ್ಕಂಡೈತೆ ನೋಡು. ಬಾಗಿಲ ಕಡೆ ಒಂದು ಕಣ್ಣಿಡು,” ಎಂದು ನಕ್ಕಳು.

ಮರಿಯವ್ವನಿಗೆ ನಗು ಬರಲಿಲ್ಲ. ಅವ್ವನ ಹತ್ತಿರ ಸರಿದು ಕೇಳಿದಳು.

“ಅವ್ವ, ನಾನು ಎಷ್ಟನೇ ಕ್ಲಾಸು?”

“ನಾಲ್ಕು.”

“ಅಪ್ಪಂದು ಈ ವಾರ ಮಿಲ್ಲಿನಾಗ ಯಾವ ಶಿಫ್ಟು?”

“ಬಾಯಿ ಬಿಟ್ಟು ಕೈ ನಡೆಸು. ಬೀಜ ಒಡೀತೈತೆ.”

ಅವ್ವನಿಗೆ ಅದೂ ಮರೆತುಹೋಗಿದೆಯೇ?

ಕೂಲಿಗೆ ಸುಲಿದ ಬೀಜವನ್ನು ಗೌಡರ ಮನೆಗೆ ಕೊಟ್ಟು ಮರಿಯವ್ವ ಓಡುತ್ತ ಬಂದಳು. ಬಾಗಿಲು ಹಾರು ಹೊಡೆದಿತ್ತು. ಹಗ್ಗ ಜೋತಾಡುತ್ತಿತ್ತು. ಒಳಗೂ ಅವ್ವ ಇಲ್ಲ, ಹಿತ್ತಿಲಲ್ಲೂ ಇಲ್ಲ. ತಲೆಯೆತ್ತಿ ನೋಡಿದರೆ ಗೂಟದಲ್ಲಿ ಅಜ್ಜಿಯ ಗಂಟೂ ಇಲ್ಲ.

ಆ ಗಂಟಿನಲ್ಲಿ ಅಜ್ಜಿಯ ಹಸಿರು ಸೀರೆ, ಮರದ ಬಾಚಣಿಗೆ, ಒಂದು ಹಿಡಿ ಶೇಂಗಾ ಇದ್ದವು. ಅಜ್ಜಿ ಅದನ್ನು ಕಂಕುಳಲ್ಲಿ ಇರುಕಿಕೊಂಡು, “ಹರಿಹರಕ್ಕ ಹೊಂಟೀನಿ, ನಮ್ಮವ್ವ ದಾರಿ ಕಾಯ್ತಾಳೆ,” ಎಂದು ಹೊರಡುತ್ತಿದ್ದಳು. ಅವ್ವ ಕೈಹಿಡಿದು, “ನಾಳೆ ಹೋಗಣ ಅತ್ತೆ,” ಎಂದು ಕೂರಿಸುತ್ತಿದ್ದಳು.

ಈಗ ಅವ್ವನೇ ಹೊರಟಿದ್ದಾಳೆ. ಅದೇ ಗಂಟು ಹಿಡಿದು.

ಅಪ್ಪ ಮಿಲ್ಲಿನಲ್ಲಿ. ನಾಗಕ್ಕನಿಗೆ ಹೇಳಿದರೆ ಓಣಿಗೆಲ್ಲ ಗೊತ್ತಾಗುತ್ತದೆ. ಮರಿಯವ್ವ ಓಣಿಯ ತುದಿಗೆ ಓಡಿದಳು. ಅಲ್ಲಿ ಅಲ್ಲಾಬಕ್ಷ್ ತನ್ನ ಕುದುರೆಗೆ ನೀರು ಕುಡಿಸುತ್ತಿದ್ದ. ಅಜ್ಜಿ ದಾರಿ ತಪ್ಪಿದಾಗಲೆಲ್ಲ ತನ್ನ ಜಟಕಾದಲ್ಲಿ ಮನೆಗೆ ತಂದು ಬಿಟ್ಟವನು ಅವನೇ.

“ಕಾಕಾ, ಅವ್ವನೂ ಹೋಗ್ಯಾಳೆ. ಅಜ್ಜಿ ಹಂಗೆ.”

ಅಲ್ಲಾಬಕ್ಷ್ ಬಕೆಟ್ಟು ಕೆಳಗಿಟ್ಟ. “ಹತ್ತು,” ಎಂದ.

ಜಟಕಾ ಹರಿಹರದ ದಾರಿ ಹಿಡಿದು ಪೇಟೆ ದಾಟಿತು. ಮಿಲ್ಲಿನ ಚಿಮಣಿ ಹಿಂದೆ ಬಿತ್ತು. ಕಂಕುಳಲ್ಲಿ ಗಂಟಿದ್ದ ಹೆಂಗಸೊಬ್ಬಳು ಕಂಡಾಗ ಮರಿಯವ್ವ ಎದ್ದುನಿಂತು ಕೂಗಿದಳು. ತಿರುಗಿ ನೋಡಿದ್ದು ಬೇರೆ ಯಾರೋ. ಅವ್ವ ತನ್ನನ್ನೂ ಹೀಗೇ, ಗುರುತೇ ಇಲ್ಲದವಳಂತೆ ನೋಡಿದರೆ?

ಊರು ಮುಗಿದು ಹುಣಸೆ ಮರಗಳ ಸಾಲು ಬಂದಾಗ ಅವ್ವ ಸಿಕ್ಕಳು. ಬರಿಗಾಲಲ್ಲಿ ಬಿರಬಿರನೆ ನಡೆಯುತ್ತಿದ್ದಳು.

ಗಾಡಿ ನಿಲ್ಲುವ ಮೊದಲೇ ಮರಿಯವ್ವ ಜಿಗಿದು ಅವ್ವನ ಸೀರೆ ಹಿಡಿದಳು.

“ಅವ್ವ, ನಾನು ಯಾರು?”

“ಏನಾತೇ ನಿನಗ? ಇಷ್ಟು ದೂರ ಹೆಂಗೆ ಬಂದೆ?”

“ಮೊದ್ಲು ಹೇಳು. ನಾನು ಯಾರು?”

ಮಗಳ ಕಣ್ಣಲ್ಲಿ ನೀರು ಕಂಡು ಅವ್ವ ಗಂಟನ್ನು ಕೆಳಗಿಟ್ಟಳು. ಮರಿಯವ್ವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

“ನೀನು ಮರಿಯವ್ವ. ಹುಟ್ಟಿದ ದಿನ ನಿಮ್ಮಜ್ಜಿ ಈ ಹಸಿರು ಸೀರೆಯಾಗೇ ನಿನ್ನ ಸುತ್ತಿದ್ರು. ಮೊನ್ನೆ ಸ್ಲೇಟು ಒಡೆದು ಗುಡಾಣದ ಹಿಂದೆ ಬಚ್ಚಿಟ್ಟೀ, ನನಗೆ ಗೊತ್ತಿಲ್ಲ ಅಂದ್ಕಂಡೀ. ನಿಮ್ಮಪ್ಪಂದು ಈ ವಾರ ಮೊದಲ್ನೇ ಶಿಫ್ಟು. ಸಾಕೋ, ಇನ್ನೂ ಐತೋ ಪರೀಕ್ಷೆ?”

ಮರಿಯವ್ವ ಅಳುತ್ತಲೇ ನಾಚಿಕೊಂಡಳು. “ಮತ್ತೆ ಮೂರನೇ ಮೊರ ಯಾಕ ಇಟ್ಟೆ?”

“ನಾಲ್ಕು ವರ್ಷ ಇಟ್ಟ ಕೈ, ಮರೀ. ಅವರಿಲ್ಲ ಅಂತ ನನಗೆ ಗೊತ್ತೈತೆ. ಕೈಗೆ ಇನ್ನೂ ಗೊತ್ತಾಗಿಲ್ಲ.”

ಅವ್ವ ರಸ್ತೆಯ ಅಂಚಿನಲ್ಲೇ ಕುಳಿತಳು. ಆಮೇಲೆ ಯಾರಿಗೂ ಹೇಳದ ಮಾತೊಂದನ್ನು ನೆಲ ನೋಡುತ್ತ ಹೇಳಿದಳು.

“ದಿನಾ ‘ನಾಳೆ ಹೋಗಣ’ ಅಂತಿದ್ದೆ. ಕಡೇ ದಿನ ಮಾತ್ರ ಸಿಟ್ಟು ಬಂತು. ‘ಯಾವ ಹರಿಹರ, ಸುಮ್ನೆ ಬಿದ್ಕ’ ಅಂದುಬಿಟ್ಟೆ. ಸುಮ್ನೆ ಮಲಗಿದ್ರು. ಬೆಳಗ್ಗೆ ಏಳಲಿಲ್ಲ. ಈ ಗಂಟನ್ನಾದ್ರೂ ಹರಿಹರ ಮುಟ್ಟಿಸಿ ಬರಣ ಅಂತ ಹೊಂಟೆ.”

ಅಲ್ಲಾಬಕ್ಷ್ ಕೆಳಗಿಳಿದು ಬಂದು ಸ್ವಲ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕುಳಿತ.

“ಅಕ್ಕಾರೆ, ಏಳು ಸಲ ಅವರನ್ನ ಗಾಡಿ ಹತ್ತಿಸ್ಕಂಡೀನಿ. ‘ಹರಿಹರಕ್ಕ ನಡಿಯಪ್ಪಾ’ ಅನ್ನೋರು. ‘ಹೂಂ ಅಮ್ಮಾ’ ಅಂತ ಕುದುರೆ ಮುಖ ನಿಮ್ಮನಿ ಕಡೆ ತಿರುಗಿಸ್ತಿದ್ದೆ. ಇಳಿಯುವಾಗ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಅಂತ ಹರಸಿ ಹೋಗೋರು. ಆ ಸವಾರಿ ನನ್ನ ಮೇಲೆ ಸಾಲ ಉಳಿದೈತೆ. ಹತ್ರಿ.”

“ಬಾಡಿಗೆ ತಂದಿಲ್ಲಪ್ಪ.”

“ಅವರು ಕೊಟ್ಟಾಗೈತೆ.”

ಎದುರಿಗೆ ಬಂದ ಸೌದೆ ಗಾಡಿಯವನ ಕೈಯಲ್ಲಿ ಅಪ್ಪನಿಗೆ ಸುದ್ದಿ ಹೇಳಿ ಕಳಿಸಿದರು. ಜಟಕಾ ಹೊರಟಿತು. ಮರಿಯವ್ವ ಯಾರಿಗೂ ಕಾಣದಂತೆ ಅವ್ವನ ಸೆರಗಿನ ತುದಿಯನ್ನು ತನ್ನ ಕೈಗೆ ಕಟ್ಟಿಕೊಂಡಳು.

ದಾರಿಯುದ್ದಕ್ಕೂ ಅಲ್ಲಾಬಕ್ಷ್ ಅಜ್ಜಿಯ ಸುದ್ದಿಯನ್ನೇ ಕೇಳಿದ. ಅಜ್ಜಿ ಒಂದು ದಿನ ನಾಗಕ್ಕನನ್ನು ಮದುವಣಗಿತ್ತಿ ಎಂದುಕೊಂಡು ಹಿಡಿದು ಕೂರಿಸಿ ಮುಖಕ್ಕೆಲ್ಲ ಅರಿಶಿನ ಬಳಿದದ್ದನ್ನು ಅವ್ವ ಹೇಳಿದಳು. ಹೇಳುತ್ತ ನಕ್ಕಳು. ನಗುತ್ತಿದ್ದವಳು ಅತ್ತಳು. ಅವನು ಹಿಂದಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಆಮೇಲೆ?” ಎಂದ. ಅವ್ವ ಮತ್ತೆ ಹೇಳಿದಳು.

ಹರಿಹರದಲ್ಲಿ ಅಜ್ಜಿಯ ತವರುಮನೆ ಹೊಳೆಯ ಕಡೆಯ ಓಣಿಯಲ್ಲಿತ್ತು. ಗೋಡೆಗಳು ಬಿದ್ದು, ಬಾಗಿಲ ಮುಂದಿನ ಕಲ್ಲು ಮಾತ್ರ ಉಳಿದಿತ್ತು. ಅವ್ವ ಅದರ ಮೇಲೆ ಗಂಟನ್ನಿಟ್ಟಳು.

“ಬಂದ್ವಿ ಅತ್ತೆ,” ಎಂದಳು.

ಆಮೇಲೆ ಗಂಟು ಬಿಚ್ಚಿ, ಶೇಂಗಾವನ್ನು ಕಲ್ಲಿನ ಮೇಲೆ ಸುರಿದಳು. ಹಸಿರು ಸೀರೆಯನ್ನು ತುಂಗಭದ್ರೆಯ ನೀರಿನಲ್ಲಿ ಜಾಲಾಡಿ ಹಿಂಡಿದಳು. ಒಂದು ತುದಿಯನ್ನು ಅವ್ವ ಹಿಡಿದರೆ ಇನ್ನೊಂದನ್ನು ಮರಿಯವ್ವ ಹಿಡಿದಳು. ಅಲ್ಲಾಬಕ್ಷ್ ಅದನ್ನು ಜಟಕಾದ ಮೇಲೆ ಒಣಹಾಕಿದ.

ಮರಳಿ ಹೊರಟಾಗ ಮರಿಯವ್ವ ಸೆರಗಿನ ತುದಿಯನ್ನು ಮತ್ತೆ ಕೈಗೆ ಕಟ್ಟಿಕೊಂಡಳು. ನಾಲ್ಕು ಮೈಲಿ ಕಳೆಯುವಷ್ಟರಲ್ಲಿ ಅವ್ವನ ತಲೆ ಅವಳ ಹೆಗಲಿಗೆ ವಾಲಿತು. ಅವ್ವ ನಿದ್ದೆ ಮಾಡುತ್ತಿದ್ದಳು, ಬಾಯಿ ತುಸು ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ. ಹೆಗಲು ನೋಯತೊಡಗಿದರೂ ಮರಿಯವ್ವ ಅಲುಗಾಡಲಿಲ್ಲ.

ಆನೆಕೊಂಡ ಮುಟ್ಟುವಾಗ ಹೊತ್ತು ಇಳಿದಿತ್ತು. ಬಾಗಿಲಲ್ಲಿ ಅಪ್ಪ ನಿಂತಿದ್ದ. ಕಟ್ಟೆಯ ಮೇಲಿದ್ದ ನಾಗಕ್ಕ ಏನೋ ಕೇಳಲು ಬಾಯಿ ತೆರೆದಳು. ಅಲ್ಲಾಬಕ್ಷ್ ತುಟಿಯ ಮೇಲೆ ಬೆರಳಿಟ್ಟ. ಆಮೇಲೆ ಹಿಂದೆ ತಿರುಗಿ ಪಿಸುಗುಟ್ಟಿದ.

“ಎಬ್ಬಿಸ್ಲಾ ಮರೀ? ಇಲ್ಲ ಇನ್ನೊಂದು ಸುತ್ತು ಹಾಕ್ಲಾ?”

“ಸುತ್ತು ಹಾಕು ಕಾಕಾ.”

ಕುದುರೆ ಮೆಲ್ಲಗೆ ಮುಂದೆ ನಡೆಯಿತು. ಮರಿಯವ್ವ ತನ್ನ ಕೈಗೆ ಕಟ್ಟಿದ್ದ ಸೆರಗಿನ ಗಂಟನ್ನು ಸದ್ದಾಗದಂತೆ ಬಿಚ್ಚಿದಳು. ಆ ಸೆರಗನ್ನು ಅವ್ವನ ಮೈಮೇಲೆ ಹೊದಿಸಿದಳು.