ಕ್ಯಾಮೆರಾಗೆ ಇಟ್ಟ ಕುಂಕುಮ

“ಅಜ್ಜೀ! ಏನ್ ಮಾಡ್ಬಿಟ್ಟೆ!”

ಚೆಂಡುಹೂವಿನ ಬುಟ್ಟಿ ಹಿಡಿದು ಬಂದ ನಿಶ್ಚಿತಾ ಅಂಗಳದಲ್ಲೇ ನಿಂತುಬಿಟ್ಟಳು.

ಆಯುಧಪೂಜೆಗೆಂದು ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು. ತೊಳೆದ ಟ್ರಾಕ್ಟರ್, ಅಪ್ಪನ ಬೈಕು, ಮಣೆಯ ಮೇಲೆ ಕುಡುಗೋಲು, ಮಚ್ಚು, ಸ್ಪ್ಯಾನರ್, ಅಮ್ಮನ ಮಿಕ್ಸಿ. ಸಾಲಿನ ಕೊನೆಯಲ್ಲಿ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಒಂದು ಕೆಂಪು ಡಬ್ಬಿ. ಅದು ಟೆಲಿಸ್ಕೋಪಿಗೆ ಹಾಕುವ ಕ್ಯಾಮೆರಾ. ಅದರ ಮುಂಭಾಗದ ಗಾಜಿನ ಮೇಲೆ ದುಂಡಗೆ, ಒದ್ದೆಒದ್ದೆಯಾಗಿ ಕುಂಕುಮ!

ಪಾಪಮ್ಮಜ್ಜಿಯ ಬೆರಳ ತುದಿ ಇನ್ನೂ ಕೆಂಪಾಗಿತ್ತು.

“ಏನಾಯ್ತವ್ವಾ? ಎಲ್ಲಕ್ಕೂ ಇಟ್ಟಂಗೆ ಇದಕ್ಕೂ ಇಟ್ಟೆ.”

“ಗಾಜಿನ ಮೇಲೆ ಇಡ್ತಾರಾ ಯಾರಾದ್ರೂ?”

“ಮತ್ತೆಲ್ಲಿಡ್ಲಿ? ಅದೇ ಅಲ್ವಾ ಅದರ ಮುಖ? ಟ್ರಾಕ್ಟರ್‌ಗೂ ಮುಂದ್ಗಡೆನೇ ಇಟ್ಟೆ. ಹಿಂದಕ್ಕೆ ಇಡಕಾಯ್ತದಾ?”

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ನಿಶ್ಚಿತಾ ಮಾತ್ರ ನಗಲಿಲ್ಲ.

“ಇದು ನಮ್ದಲ್ಲ ಅಜ್ಜಿ! ಇನ್ಮೇಲೆ ನನ್ ಯಾವ ವಸ್ತೂನೂ ಮುಟ್ಬೇಡ!”

ಅಜ್ಜಿ ಬೆರಳನ್ನು ಸೆರಗಿಗೆ ಒರೆಸಿಕೊಂಡರು. “ಆಯ್ತು ಬಿಡವ್ವಾ” ಎಂದರು, ಅಷ್ಟೇ.

ಕ್ಯಾಮೆರಾದ ಮುಚ್ಚಳ ತೆಗೆದು, “ನೋಡಜ್ಜಿ, ಒಳಗೆ ಹೆಂಗೆ ಹೊಳೀತೈತೆ” ಎಂದು ತೋರಿಸಿದ್ದು ನಿಶ್ಚಿತಾನೇ. ಹೂವು ತರಲು ಅಮ್ಮ ಕರೆದಾಗ ಮುಚ್ಚಳ ಹಾಕದೆ ಓಡಿದ್ದೂ ಅವಳೇ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

ಆ ಕ್ಯಾಮೆರಾ ಕಡೂರಿನ ತೀರ್ಥೇಶ್ ಸರ್ ಅವರದು. ಅವರು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಾರೆ, ರಾತ್ರಿ ಆಕಾಶದ ಫೋಟೋ ತೆಗೆಯುತ್ತಾರೆ. ಅಜ್ಜಂಪುರದ ನಿಶ್ಚಿತಾಳ ಶಾಲೆಯಲ್ಲಿ ಒಂದು ಟೆಲಿಸ್ಕೋಪ್ ಇತ್ತು. ಅದಕ್ಕೆ ಕ್ಯಾಮೆರಾ ಕೊಳ್ಳಬೇಕಿತ್ತು.

“ಒಂದೇ ಕ್ಯಾಮೆರಾ ತಗೊಳ್ಳೋಕಾಗೋದು” ಎಂದಿದ್ದರು ವಿಜ್ಞಾನದ ಶಶಿಧರ ಸರ್. “ಅದರಲ್ಲೇ ಗ್ರಹಗಳ ಚಿತ್ರಾನೂ ತೆಗೀಬೇಕು, ಗೈಡಿಂಗೂ ಆಗ್ಬೇಕು. ಯಾವುದು ಅಂತ ನೀವೇ ಪರೀಕ್ಷೆ ಮಾಡಿ ಆರಿಸಿ.”

ಅದಕ್ಕಾಗಿ ತೀರ್ಥೇಶ್ ಸರ್ ತಮ್ಮ ಎರಡು ಕ್ಯಾಮೆರಾಗಳನ್ನು ಕೊಟ್ಟಿದ್ದರು. ಒಂದು ಕಲರ್, ಇನ್ನೊಂದು ಬ್ಲ್ಯಾಕ್ ಅಂಡ್ ವೈಟ್. ದಸರಾ ರಜೆಯಲ್ಲಿ ಸಾಫ್ಟ್‌ವೇರ್ ಕಲಿಯಲು ಕಲರ್ ಕ್ಯಾಮೆರಾವನ್ನು ನಿಶ್ಚಿತಾ ಮನೆಗೆ ತಂದಳು. ಇನ್ನೊಂದನ್ನು ಅವಳ ತರಗತಿಯ ರಘು ಒಯ್ದ.

ಗೈಡಿಂಗ್ ಎಂದರೇನು ಎಂದು ಎಲ್ಲರಿಗೂ ಅರ್ಥಮಾಡಿಸಿದ್ದು ರಘುವೇ.

“ಭೂಮಿ ತಿರುಗ್ತಿರುತ್ತಲ್ಲ, ಅದಕ್ಕೆ ನಕ್ಷತ್ರ ಜಾರ್ತಾ ಹೋಗುತ್ತೆ. ಟೆಲಿಸ್ಕೋಪಿನ ಮೋಟರ್ ಅದರ ಹಿಂದೇನೇ ಹೋಗುತ್ತೆ, ಆದ್ರೆ ಸ್ವಲ್ಪ ತಪ್ಪುತ್ತೆ. ಟ್ರಾಕ್ಟರ್ ರಿವರ್ಸ್ ತಗೊಳ್ಳುವಾಗ ಒಬ್ರು ಹಿಂದೆ ನಿಂತು ‘ಬಾ ಬಾ, ಒಸಿ ಲೆಫ್ಟು’ ಅಂತಾರಲ್ಲ, ಗೈಡ್ ಕ್ಯಾಮೆರಾ ಹಂಗೆ. ಒಂದು ನಕ್ಷತ್ರಾನೇ ನೋಡ್ತಾ ನಿಂತಿರುತ್ತೆ. ಅದು ಜಾರಿದ್ರೆ ಮೋಟರ್‌ಗೆ ಹೇಳುತ್ತೆ.”

ರಘುವಿಗೆ ದೇವಯಾನಿ ಗ್ಯಾಲಕ್ಸಿಯ ಫೋಟೋ ಬೇಕಿತ್ತು. ಅದಕ್ಕೆ ನಿಮಿಷಗಟ್ಟಲೆ ಬೆಳಕು ಹಿಡಿಯಬೇಕು, ಗೈಡಿಂಗ್ ಇಲ್ಲದೆ ಅದು ಬರುವುದಿಲ್ಲ. ಮಂಕು ನಕ್ಷತ್ರವನ್ನೂ ಹಿಡಿಯಲು ಬ್ಲ್ಯಾಕ್ ಅಂಡ್ ವೈಟೇ ಒಳ್ಳೆಯದು. ನಿಶ್ಚಿತಾಗೆ ಬೇಕಾಗಿದ್ದದ್ದು ಶನಿ, ಬಣ್ಣದಲ್ಲಿ. ಪುಸ್ತಕದಲ್ಲಿ ನೋಡಿದಂತೆ, ಬೆಣ್ಣೆಯ ಬಣ್ಣದ ಶನಿ.

ಈಗ ಆ ಕ್ಯಾಮೆರಾದ ಮೇಲೆ ಕುಂಕುಮ!

ಅವಳು ಕನ್ನಡಕದ ಬಟ್ಟೆಯಿಂದ ಮೆತ್ತಗೆ ಒರೆಸಿದಳು. ಗಾಜು ಮೊದಲಿನಂತೆ ಕಂಡಿತು. ಆದರೆ ಲ್ಯಾಪ್‌ಟಾಪಿಗೆ ಜೋಡಿಸಿ ಬಿಳಿ ಗೋಡೆಯ ಕಡೆ ತಿರುಗಿಸಿದರೆ, ಪರದೆಯ ಒಂದು ಮೂಲೆಯಲ್ಲಿ ಬೂದುಬಣ್ಣದ ಕಲೆ. ಮತ್ತೆ ಒರೆಸಿದಳು. ಅದು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿ ಬಾಚಣಿಗೆ ಹಿಡಿದು ಬಂದರು. ದಿನವೂ ಜಡೆ ಹಾಕುವುದು ಅವರೇ. ಆದರೆ ಅವತ್ತು ಹಿಂದೆ ಕೂತು, “ಮುಟ್ಲಾ?” ಎಂದು ಕೇಳಿದರು.

ನಿಶ್ಚಿತಾ ಹೂಂ ಎಂದು ತಲೆಯಾಡಿಸಿದಳು.

ಅಂದಿನಿಂದ ಅಜ್ಜಿ ಎಲ್ಲಕ್ಕೂ ಹಾಗೇ ಕೇಳತೊಡಗಿದರು. “ನಿನ್ ಯೂನಿಫಾರಂ ಮಡಚಿಡ್ಲಾ? ಬ್ಯಾಗು ಆ ಕಡೆ ಇಡ್ಲಾ?” ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಪಕ್ಕದ ಮನೆಯವರ ವಸ್ತುವನ್ನು ಕೇಳುವಂತೆ ಕೇಳುತ್ತಿದ್ದರು.

ಪರೀಕ್ಷೆಯ ದಿನ ಬಂತು. ಹುಣ್ಣಿಮೆ ಕಳೆದು ಮೂರು ದಿನವಾಗಿತ್ತು. ಚಂದ್ರ ಏಳುವ ಮೊದಲು ಗ್ಯಾಲಕ್ಸಿ, ಆಮೇಲೆ ಶನಿ ಎಂದು ಶಶಿಧರ ಸರ್ ಮೊದಲೇ ಲೆಕ್ಕ ಹಾಕಿದ್ದರು. ಕಡೂರಿನಿಂದ ತೀರ್ಥೇಶ್ ಸರ್ ಕೂಡ ಬಂದಿದ್ದರು.

ತರಗತಿಯ ಮಕ್ಕಳೆಲ್ಲ ಶಾಲೆಯ ತಾರಸಿಯ ಮೇಲೆ ಸೇರಿದಾಗ ಇನ್ನೂ ಸ್ವಲ್ಪ ಬೆಳಕಿತ್ತು. ತೀರ್ಥೇಶ್ ಸರ್ ಕಲರ್ ಕ್ಯಾಮೆರಾವನ್ನು ಟೆಲಿಸ್ಕೋಪಿಗೆ ಹಾಕಿ ಸಂಜೆಯ ಆಕಾಶಕ್ಕೆ ತಿರುಗಿಸಿದರು. ಲ್ಯಾಪ್‌ಟಾಪಿನ ಪರದೆ ತಿಳಿನೀಲಿಯಾಯಿತು. ಮೂಲೆಯಲ್ಲಿ ಕಲೆ ಮೂಡಿತು.

“ಅಯ್ಯೋ, ನಿನ್ ಕ್ಯಾಮೆರಾದಲ್ಲಿ ಏನೋ ಐತೆ ಕಣೇ!” ಎಂದ ರಘು.

ತೀರ್ಥೇಶ್ ಸರ್ ಬಗ್ಗಿ ನೋಡಿದರು. “ಇದು ಮೊದ್ಲು ಇರ್ಲಿಲ್ಲವಲ್ಲ.”

‘ನಮ್ಮಜ್ಜಿ ಮಾಡಿದ್ದು ಸರ್.’ ಮಾತು ನಾಲಿಗೆಯ ತುದಿಗೆ ಬಂತು. ಅದು ಸುಳ್ಳೇನೂ ಆಗಿರಲಿಲ್ಲ. ಹಾಗೆಂದರೆ ಯಾರೂ ತನ್ನನ್ನು ಬೈಯುವುದಿಲ್ಲ, ಅಜ್ಜಿಯಂತೂ ಇಲ್ಲಿಲ್ಲ. ಆದರೆ ಸೆರಗಿಗೆ ಒರೆಸಿಕೊಂಡ ಆ ಬೆರಳು ಅವಳಿಗೆ ನೆನಪಾಯಿತು.

“ನಾನು ಮುಚ್ಚಳ ಹಾಕದೆ ಇಟ್ಬಿಟ್ಟಿದ್ದೆ ಸರ್. ಆಯುಧಪೂಜೆ ದಿನ... ಕುಂಕುಮ ಆಗೋಯ್ತು.”

ಮಕ್ಕಳಲ್ಲಿ ನಗು ಶುರುವಾಯಿತು.

“ಕ್ಯಾಮೆರಾಗೆ ಕುಂಕುಮನಾ! ಕುಂಬಳಕಾಯೂ ಒಡೆದ್ಯೇನೇ?” ಎಂದಳು ಸ್ಫೂರ್ತಿ.

“ಏಯ್, ಸುಮ್ನಿರಿ” ಎಂದರು ಶಶಿಧರ ಸರ್. ಅವರಿಗೂ ನಗು ಬರುತ್ತಿತ್ತು.

ತೀರ್ಥೇಶ್ ಸರ್ ನಗಲಿಲ್ಲ, ಬೈಯಲೂ ಇಲ್ಲ. “ಯಾವುದ್ರಲ್ಲಿ ಒರೆಸಿದೆ?”

“ಕನ್ನಡಕದ ಬಟ್ಟೇಲಿ ಸರ್.”

“ಸರಿ. ಇನ್ಮೇಲೆ ಮುಟ್ಬೇಡಮ್ಮಾ. ನಾಳೆ ಬೆಳಕಲ್ಲಿ ನಾನೇ ಕ್ಲೀನ್ ಮಾಡ್ತೀನಿ. ನಾನೂ ಒಂದ್ಸಲ ಇದರ ಮೇಲೆ ಜೋರಾಗಿ ಸೀನಿದ್ದೆ.”

ಇನ್ಮೇಲೆ ಮುಟ್ಬೇಡ. ತಾನು ಅಜ್ಜಿಗೆ ಹೇಳಿದ್ದೂ ಇದೇ ಮಾತು. ಆದರೆ ಇಷ್ಟು ಮೆಲ್ಲಗೆ ಹೇಳಿರಲಿಲ್ಲ.

ಕತ್ತಲಾಯಿತು. ಗ್ಯಾಲಕ್ಸಿಯ ಫೋಟೋ ತೆಗೆಯಲು ಶಶಿಧರ ಸರ್ ತಮ್ಮ ದೊಡ್ಡ ಕ್ಯಾಮೆರಾವನ್ನು ಟೆಲಿಸ್ಕೋಪಿಗೆ ಹಾಕಿದರು. ಗೈಡಿಂಗಿಗೆಂದು ಅದರ ಪಕ್ಕಕ್ಕೇ ಜೋಡಿಸಿದ್ದ ಪುಟ್ಟ ಟೆಲಿಸ್ಕೋಪಿಗೆ ಮೊದಲು ರಘುವಿನ ಬ್ಲ್ಯಾಕ್ ಅಂಡ್ ವೈಟ್ ಕ್ಯಾಮೆರಾ ಹಾಕಿದರು. ಪರದೆಯ ತುಂಬಾ ನಕ್ಷತ್ರಗಳು, ಗೋಣಿಚೀಲದ ಮೇಲೆ ಅಕ್ಕಿ ಚೆಲ್ಲಿದ ಹಾಗೆ.

“ನೋಡಿದ್ರಾ!” ರಘು ಕಾಲರ್ ಎಳೆದುಕೊಂಡ.

ಆಮೇಲೆ ಕಲರ್ ಕ್ಯಾಮೆರಾ. ಕಾಣಿಸಿದ್ದು ನಾಲ್ಕೈದು ನಕ್ಷತ್ರ, ಅವೂ ಮಂಕು. ಜೊತೆಗೆ ಮೂಲೆಯಲ್ಲಿ ಆ ಕಲೆ ಇದ್ದೇ ಇದೆಯೆಂದು ಎಲ್ಲರಿಗೂ ಗೊತ್ತು. ನಿಶ್ಚಿತಾ ತಲೆ ತಗ್ಗಿಸಿದಳು. ಬೆಣ್ಣೆ ಬಣ್ಣದ ಶನಿ ಇನ್ನು ಪುಸ್ತಕದಲ್ಲೇ ಉಳಿಯಿತು ಎಂದುಕೊಂಡಳು.

“ರಘು, ಗೈಡಿಂಗಿಗೆ ಎಷ್ಟು ನಕ್ಷತ್ರ ಬೇಕು?” ಶಶಿಧರ ಸರ್ ಕೇಳಿದರು.

ರಘು ಪರದೆಯನ್ನೇ ನೋಡುತ್ತಾ ಕೂತಿದ್ದ. “ಒಂದು ಸಾಕು ಸರ್” ಎಂದ.

ಅವನೇ ನಡುವಿನ ಒಂದು ನಕ್ಷತ್ರವನ್ನು ಆರಿಸಿ ಕ್ಲಿಕ್ ಮಾಡಿದ. ಕಲೆ ಅದರಿಂದ ಎಷ್ಟೋ ದೂರದಲ್ಲಿತ್ತು. ನಕ್ಷತ್ರ ಒಂದಿಷ್ಟು ಜಾರಿತು, ಮೋಟರ್ ಕಿರ್ ಎಂದಿತು, ನಕ್ಷತ್ರ ಮತ್ತೆ ತನ್ನ ಜಾಗಕ್ಕೆ ಬಂತು. ಮತ್ತೆ ಜಾರಿತು, ಮತ್ತೆ ಬಂತು.

ಎರಡು ನಿಮಿಷದ ಮೇಲೆ ದೊಡ್ಡ ಕ್ಯಾಮೆರಾದಲ್ಲಿ ಚಿತ್ರ ಬಂತು. ಚುಕ್ಕಿಗಳೆಲ್ಲ ಗೆರೆಯಾಗದೆ ದುಂಡಗೆ. ನಡುವೆ ಓರೆಯಾಗಿ, ಹಾಲು ಒರೆಸಿದಂತೆ ಗ್ಯಾಲಕ್ಸಿ.

“ಬಂತು! ನಿಂದರಲ್ಲೂ ಬಂತು ಕಣೇ!” ಎಂದು ರಘು ಎದ್ದು ಕುಣಿದ.

ಕೊನೆಗೆ ಶನಿ. ಗ್ರಹಕ್ಕೆ ಗೈಡಿಂಗ್ ಬೇಕಿಲ್ಲ. ವಿಡಿಯೋ ತೆಗೆದು, ಅದರ ಸಾವಿರಾರು ಚಿತ್ರಗಳಲ್ಲಿ ಚೆನ್ನಾಗಿರುವುದನ್ನು ಸೇರಿಸಿ ಒಂದು ಮಾಡುತ್ತಾರೆ. ಶನಿ ಪರದೆಯಲ್ಲಿ ಹುಣಸೆಬೀಜದಷ್ಟೇ ಕಾಣುವುದರಿಂದ ನಡುವಿನ ಪುಟ್ಟ ಚೌಕ ಸಾಕು. ಕಲೆ ಚೌಕದ ಹೊರಗೇ ಉಳಿಯಿತು.

ರಘುವಿನ ಕ್ಯಾಮೆರಾದಲ್ಲಿ ಶನಿ ಬೂದಿಯ ಬಣ್ಣಕ್ಕಿತ್ತು. ನಿಶ್ಚಿತಾಳ ಕ್ಯಾಮೆರಾದಲ್ಲಿ, ಆಗತಾನೇ ಕಡೆದ ಬೆಣ್ಣೆ. ಅದರ ಸುತ್ತ ತೆಳ್ಳನೆಯ ಉಂಗುರ.

“ಸರ್, ಗೈಡಿಂಗಲ್ಲಿ ನಂದೇ ಫಸ್ಟು” ಎಂದ ರಘು. “ಆದ್ರೆ ಅವಳದೂ ಪಾಸಾಯ್ತು. ಬಣ್ಣದಲ್ಲಿ ನಂದು ಫೇಲು. ಎರಡೂ ಕೆಲಸಕ್ಕೆ ಒಂದೇ ಅಂದ್ರೆ, ಕಲರೇ ತಗೊಳ್ಳೋಣ.”

ಕೈಗಳೆಲ್ಲ ಮೇಲೆದ್ದವು.

ಮನೆಗೆ ಬಂದು ನಿಶ್ಚಿತಾ ಅಪ್ಪನ ಫೋನಿನಲ್ಲಿ ಶನಿಯನ್ನು ಅಜ್ಜಿಗೆ ತೋರಿಸಿದಳು. ಅಜ್ಜಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು. “ಚೆಂದಾಗೈತೆ” ಎಂದು ಒಳಗೆ ಹೋದರು. ಅವರ ಹಿಂದೆ ಹೋಗಿ ಏನೋ ಹೇಳಬೇಕೆಂದುಕೊಂಡಳು ನಿಶ್ಚಿತಾ. ಹೇಗೆ ಶುರುಮಾಡುವುದೋ ತಿಳಿಯಲಿಲ್ಲ.

ಹೊಸ ಕ್ಯಾಮೆರಾ ತರೀಕೆರೆಯವರೆಗೆ ಪಾರ್ಸೆಲ್‌ನಲ್ಲಿ ಬಂದು, ಅಲ್ಲಿಂದ ಶಶಿಧರ ಸರ್ ಬೈಕಿನಲ್ಲಿ ಶಾಲೆಗೆ ಬಂತು. ಅವರೆಕಾಯಿಯ ಕಾಲ ಶುರುವಾಗಿತ್ತು.

“ಈ ಶನಿವಾರ ಯಾರು ಮನೆಗೆ ಒಯ್ತೀರಿ?” ಎಂದರು ಸರ್.

“ನಿಶ್ಚಿತಾನೇ ಒಯ್ಲಿ ಸರ್” ಎಂದ ರಘು. “ಮುಚ್ಚಳ ಹಾಕೋದು ಅವಳಿಗೆ ಮಾತ್ರ ಚೆನ್ನಾಗಿ ಗೊತ್ತು.”

ಅವಳು ಮನೆಗೆ ಬಂದಾಗ ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಿಶ್ಚಿತಾ ಪಕ್ಕದಲ್ಲಿ ಕೂತು ಕ್ಯಾಮೆರಾ ಹೊರಗೆ ತೆಗೆದಳು. ಅಜ್ಜಿ ತಕ್ಷಣ ಕೈ ಮಡಿಲಿಗೆ ಎಳೆದುಕೊಂಡರು.

“ದೂರ ಇಡವ್ವಾ. ಕೈಯೆಲ್ಲ ಸೊನೆ ಐತೆ.”

ನಿಶ್ಚಿತಾ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿದಳು. ಇನ್ನೊಮ್ಮೆ ತಿರುಗಿಸಿ ಬಿಗಿ ಮಾಡಿದಳು. ಆಮೇಲೆ ಒಳಗೆ ಹೋಗಿ ಕುಂಕುಮದ ಭರಣಿ ತಂದು ಅಜ್ಜಿಯ ಮುಂದೆ ಇಟ್ಟಳು.

“ಅಜ್ಜಿ, ಇದು ಹೊಸದು. ಇನ್ನೂ ಪೂಜೆ ಆಗಿಲ್ಲ.”

ಅಜ್ಜಿ ಭರಣಿಯನ್ನೂ ಮೊಮ್ಮಗಳನ್ನೂ ನೋಡಿದರು. ಕೈಯನ್ನು ಸೆರಗಿನಿಂದ ಚೆನ್ನಾಗಿ ಒರೆಸಿಕೊಂಡರು.

“ಎಲ್ಲಿಡ್ಲಿ?”

“ಇಲ್ಲಿ.” ನಿಶ್ಚಿತಾ ಮುಚ್ಚಳವನ್ನು ತೋರಿಸಿದಳು. “ಮನೇಲಿದ್ದಾಗ ಇದೇ ಅದರ ಮುಖ.”

ಅಜ್ಜಿ ಮುಚ್ಚಳದ ನಡುವೆ ದುಂಡಗೆ ಕುಂಕುಮ ಇಟ್ಟರು. ಬೆರಳಿನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನು ನಿಶ್ಚಿತಾಳ ಹಣೆಗೆ ಹಚ್ಚಿದರು.

ಈ ಸಲ ‘ಮುಟ್ಲಾ?’ ಎಂದು ಕೇಳಲಿಲ್ಲ.