ಯಾರೂ ಓದದ ಖಾನೆ

ಜನವರಿ 23, ಶುಕ್ರವಾರ, ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ಲೆಂಪಿ ಸಾಲ್ಮೆಲಾ ಎಂಬ ಹೆಂಗಸು ಬೂಟಿಗೆ ಮೆತ್ತಿದ ಹಿಮವನ್ನೂ ಕೊಡವದೆ ಹಾರ್ಲೋ ಹಾರ್ಬರ್ ಪೊಲೀಸ್ ಠಾಣೆಯ ಒಳಗೆ ಬಂದು, ತನ್ನ ಅಣ್ಣನನ್ನು ಕರೆಂಟ್ ಕಂಪನಿಯವರು ಕೊಲ್ಲಲು ನೋಡಿದ್ದಾರೆ ಎಂದಳು.

ಡಿಟೆಕ್ಟಿವ್ ಕೋಲೀನ್ ಬೊಶೇ ಅವಳಿಗೆ ಕುರ್ಚಿ ಕೊಟ್ಟು, ಕಾಫಿ ತರಿಸಿ, ದೂರು ಬರೆದುಕೊಳ್ಳಲು ಕಂಪ್ಯೂಟರಿನ ಮುಂದೆ ಕೂತಳು.

"ಅಣ್ಣನ ಹೆಸರು?"

"ವೈನೊ. ವಯಸ್ಸು ಅರವತ್ತಾರು. ಅದಿರು ಹಡಗಿನಲ್ಲಿ ಅಡುಗೆ ಮಾಡ್ತಿದ್ದ. ಈಗ ಶ್ವಾಸಕೋಶ ಕೆಟ್ಟಿದೆ. ಆಮ್ಲಜನಕದ ಮಷಿನ್ನು ಹಗಲೂ ರಾತ್ರಿ ಓಡ್ತಾ ಇರ್ಬೇಕು."

"ಏನಾಯ್ತು?"

"ನಿನ್ನೆ ಬೆಳಿಗ್ಗೆ ಕರೆಂಟ್ ತೆಗೆದ್ರು. ಮಷಿನ್ನೂ ನಿಲ್ತು, ಮನೆ ಬೆಚ್ಚಗಿಡೋ ಫ್ಯಾನೂ ನಿಲ್ತು. ಸಾಯಂಕಾಲ ನಾನು ಹೋದಾಗ ಅಡುಗೆಮನೆ ನೆಲದ ಮೇಲೆ ಬಿದ್ದಿದ್ದ. ತುಟಿ ನೀಲಿ. ಈಗ ಆಸ್ಪತ್ರೆಲಿ ಗಂಟಲಿಗೆ ನಳಿಗೆ ಹಾಕಿದಾರೆ."

"ಬಿಲ್ ಕಟ್ಟಿರ್ಲಿಲ್ವಾ?"

"ತಡವಾಗಿತ್ತು. ಆದ್ರೆ ಅವನದ್ದು ವೈದ್ಯಕೀಯ ರಕ್ಷಣೆಯ ಮನೆ ಮೇಡಂ. ಡಾಕ್ಟರ ಕಾಗದ ಕೊಟ್ಟಿದೀವಿ. ಬಿಲ್ ಕಟ್ಟಲಿ ಬಿಡಲಿ, ಚಳಿಗಾಲದಲ್ಲಿ ಅವನ ಕರೆಂಟಿಗೆ ಕೈ ಹಚ್ಚೋ ಹಾಗಿಲ್ಲ."

ಕೋಲೀನ್ ಎಲ್ಲ ಟೈಪ್ ಮಾಡಿದಳು. ನಮೂನೆಯ ಕೊನೆಯಲ್ಲಿ 'ಕೃತ್ಯಕ್ಕೆ ಕಾರಣ' ಎಂಬ ಖಾನೆ ಇತ್ತು. ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಬಿಡುತ್ತಿರಲಿಲ್ಲ. ಠಾಣೆಯಲ್ಲಿ ಎಲ್ಲರೂ ಮಾಡುವಂತೆ ಅವಳೂ ಒಂದು ಚುಕ್ಕೆ ಒತ್ತಿದಳು. ಎಫ್‌ಐಆರ್ ದಾಖಲಾಯಿತು.

ಕರೆಂಟ್ ಕಂಪನಿಯ ಹೆಸರು ಐರನ್ ಬೇ ಪವರ್. ಮಧ್ಯಾಹ್ನ ಕೋಲೀನ್ ತನ್ನ ಜೊತೆಯ ಅಧಿಕಾರಿ ಡೆವಿನ್ ಹೌಗೆನ್‌ನನ್ನು ಕರೆದುಕೊಂಡು ಅಲ್ಲಿಗೆ ಹೋದಳು. ಉಪಾಧ್ಯಕ್ಷ ಗ್ರೆಗ್ ಸ್ಟಾಡ್ಲರ್ ಕೈ ಕುಲುಕಿ, ಆಗಿದ್ದಕ್ಕೆ ಮೂರು ಸಲ ವಿಷಾದ ಹೇಳಿದ.

"ಯಾರು ತೆಗೆದದ್ದು?" ಕೋಲೀನ್ ಕೇಳಿದಳು.

"ಯಾರೂ ಅಲ್ಲ. ಪಟ್ಟಿ ತಯಾರಿಸೋದು ಕಂಪ್ಯೂಟರ್, ಮೀಟರ್ ಆರಿಸೋದೂ ಕಂಪ್ಯೂಟರ್. ಏನೋ ಎಡವಟ್ಟಾಗಿದೆ. ಒಟ್ಟು ಹನ್ನೊಂದು ಮನೆ. ಉಳಿದ ಹತ್ತು ಮನೆಗೆ ಮಧ್ಯಾಹ್ನಕ್ಕೇ ವಾಪಸ್ ಕೊಟ್ವಿ. ಇವರು ಫೋನ್ ಮಾಡ್ಲಿಲ್ಲ."

"ಉಸಿರಿಲ್ದೆ ಬಿದ್ದವರು ಫೋನ್ ಹೇಗೆ ಮಾಡ್ತಾರೆ?"

ಸ್ಟಾಡ್ಲರ್ ಟೈ ಸರಿಮಾಡಿಕೊಂಡ. ಯಾವ ದಾಖಲೆಯನ್ನೂ ಮುಟ್ಟಕೂಡದು ಎಂಬ ನೋಟಿಸಿಗೆ ಸಹಿ ಹಾಕಿಸಿಕೊಂಡು ಇಬ್ಬರೂ ಹೊರಬಂದರು. ಕಂಪ್ಯೂಟರುಗಳನ್ನು ಅಂದೇ ವಶಪಡಿಸಿಕೊಳ್ಳಬೇಕಿತ್ತೇನೋ ಎಂಬ ಅನುಮಾನ ಕೋಲೀನಳಿಗೆ ಲಿಫ್ಟಿನಲ್ಲೇ ಹತ್ತಿತು.

"ಸೋಮವಾರ ನೋಡಿದ್ರಾಯ್ತು ಬಿಡಿ," ಎಂದ ಹೌಗೆನ್. "ಕರೆಂಟ್ ಕಂಪನಿ ಎಲ್ಲಿಗೆ ಓಡಿಹೋಗುತ್ತೆ?"

ಶನಿವಾರ, ಭಾನುವಾರ ಅವಳಿಗೆ ನೆಮ್ಮದಿ ಇರಲಿಲ್ಲ. ಒಲೆ ಆರಿಸಿದೆನೋ ಇಲ್ಲವೋ ಎಂದು ಎರಡೆರಡು ಸಲ ನೋಡಿದಳು. ಆಸ್ಪತ್ರೆಗೆ ಫೋನ್ ಮಾಡಿದಳು. ಬದಲಾವಣೆ ಇಲ್ಲ ಎಂದರು. ಗಂಟೆ ಕಳೆದು ಮತ್ತೆ ಮಾಡಿದಳು. ಅದೇ ನರ್ಸು, ಅದೇ ಉತ್ತರ, ದನಿ ಮಾತ್ರ ಸ್ವಲ್ಪ ಗಡಸಾಗಿತ್ತು.

ಸೋಮವಾರದ ಹೊತ್ತಿಗೆ ಸ್ಟಾಡ್ಲರ್‌ಗೆ ವಿಷಾದ ಹೋಗಿ ಆರೋಪಿ ಸಿಕ್ಕಿದ್ದ. "ಮಾರ್ಕಸ್ ಟಿಲ್ಮನ್," ಎಂದ. "ಗುತ್ತಿಗೆ ಕೆಲಸದವನು. ನಿಮ್ಮ ನೋಟಿಸ್ ಬಂದಮೇಲೂ ಶನಿವಾರ ಕಂಪ್ಯೂಟರಿನ ಒಳಗೆ ಹೋಗಿ ಏನೋ ಅಳಿಸಿದಾನೆ. ದಾಖಲೆಲಿ ಅವನ ಹೆಸರೇ ಇದೆ ನೋಡಿ."

ಮಾರ್ಕಸ್ ಮೂವತ್ತರ ಆಸುಪಾಸಿನವನು, ಕಣ್ಣು ಕೆಂಪಗೆ. ಗಾಜಿನ ಕೋಣೆಯಲ್ಲಿ ಕೂಡಿಸಿದ್ದರು. ಹಾದುಹೋಗುವವರೆಲ್ಲ ಅವನನ್ನು ನೋಡಿ ನೋಡದಂತೆ ಹೋಗುತ್ತಿದ್ದರು.

"ನಾನಲ್ಲ ಮೇಡಂ."

"ಶನಿವಾರ ಎಲ್ಲಿದ್ದೆ?"

"ಸರೋವರದ ಮೇಲೆ. ಮಂಜುಗಡ್ಡೆ ಕೊರೆದು ಮೀನು ಹಿಡೀತಿದ್ದೆ. ಗುಡಿಸಲಲ್ಲಿ ಒಬ್ನೇ. ಫೋನು ಗಾಡಿಲೇ ಬಿಟ್ಟಿದ್ದೆ."

"ನೋಡಿದವರು?"

"ಮೀನು."

ಹೌಗೆನ್ ನಕ್ಕ. ಕೋಲೀನ್ ನಗಲಿಲ್ಲ. "ನಿನ್ನ ಕೆಲಸ ಏನಪ್ಪಾ? ನನಗೆ ತಿಳಿಯೋ ಹಾಗೆ ಹೇಳು."

ಮಾರ್ಕಸ್ ಪರದೆಯನ್ನು ಅವಳ ಕಡೆ ತಿರುಗಿಸಿದ. "ಇದು ಕಂಪನಿಯ ಪದಕೋಶ. ಗ್ರಾಹಕ ಅಂದ್ರೆ ಯಾರು, ಬಾಕಿ ಅಂದ್ರೆ ಏನು, ವೈದ್ಯಕೀಯ ರಕ್ಷಣೆಯ ಮನೆ ಯಾವುದು, ಇಂಥ ಆರುನೂರು ಚಿಲ್ಲರೆ ಪದ ಇವೆ. ಪ್ರತಿ ಪದಕ್ಕೂ ಒಂದು ಪುಟ. ಎಲ್ಲಾ ಪುಟಕ್ಕೂ ಒಂದೇ ಅಚ್ಚು, ಟೆಂಪ್ಲೇಟ್ ಅಂತೀವಿ. ಅಚ್ಚಿನಲ್ಲಿ ಅರ್ಥ, ಉದಾಹರಣೆ, ಹೊಣೆಗಾರರ ಹೆಸರು ಅಂತ ಖಾನೆಗಳು. ನಮಗೆ ಬೇಕಾದ ಹಾಗೆ ಖಾನೆ ಸೇರಿಸ್ಬಹುದು, ತೆಗೀಬಹುದು. ಅಚ್ಚಿನಲ್ಲಿ ಒಂದು ಖಾನೆ ತೆಗೆದ್ರೆ ಆರುನೂರು ಪುಟದಲ್ಲೂ ಅದು ಮಾಯ, ಅದರೊಳಗೆ ಬರೆದದ್ದೂ ಮಾಯ."

"ಮೀಟರ್ ಆರಿಸೋ ಕಂಪ್ಯೂಟರ್ ಇದನ್ನ ಓದುತ್ತಾ?"

"ಅದೇ ಗ್ರಹಚಾರ. ದಿನಾ ಬೆಳಿಗ್ಗೆ ಓದುತ್ತೆ, ನಮಗೇ ಗೊತ್ತಿರ್ಲಿಲ್ಲ. ಮನುಷ್ಯರು ಯಾರೂ ಓದಲ್ಲ ಅಂತ ಅಕ್ಟೋಬರಿನಲ್ಲಿ ಎರಡು ಖಾನೆ ಹೊಸದಾಗಿ ಸೇರಿಸಿದ್ವಿ. ಒಂದು 'ಓದಬೇಕಾದ ಕೊನೆ ದಿನ'. ಹೊಣೆಗಾರರು ಆ ದಿನದೊಳಗೆ ತಮ್ಮ ಪದಗಳನ್ನ ಓದಿ ಒಪ್ಪಬೇಕು. ಒಪ್ಪದಿದ್ರೆ ಆ ಪದ ತಾನಾಗೇ ಅಮಾನತು. ಇನ್ನೊಂದು, ಅದಕ್ಕೇ ಜೋಡಿಸಿದ 'ಓದಿದವರ ಟಿಪ್ಪಣಿ'; ಒಂದನ್ನ ತೆಗೆದ್ರೆ ಎರಡೂ ಹೋಗುತ್ತೆ. ಬುಧವಾರ ಕೊನೆ ದಿನ ಆಗಿತ್ತು. ಇವತ್ತು ನೋಡಿದ್ರೆ ಎರಡೂ ಖಾನೆ ಇಲ್ಲ."

"ವೈದ್ಯಕೀಯ ರಕ್ಷಣೆ ಅನ್ನೋ ಪದದ ಹೊಣೆಗಾರರು?"

ಮಾರ್ಕಸ್ ಗಾಜಿನಾಚೆ ನೋಡಿದ. ಸ್ಟಾಡ್ಲರ್ ಅಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ. "ಅವರೇ. ಜ್ಞಾಪನೆಯ ಇಮೇಲ್ ಒಂದನ್ನೂ ತೆರೆದಿಲ್ಲ. ಪದ ಅಮಾನತಾಯ್ತು, ಗುರುವಾರ ಬೆಳಿಗ್ಗೆ ಕಂಪ್ಯೂಟರಿಗೆ ರಕ್ಷಣೆಯ ಮನೆ ಅಂತ ಒಂದೂ ಕಾಣ್ಲಿಲ್ಲ."

"ನಿನ್ನ ಹೆಸರಲ್ಲಿ ಬೇರೆಯವರು ಒಳಗೆ ಹೋಗೋಕೆ ಆಗುತ್ತಾ?"

"ಅಚ್ಚು ಬದಲಾಯಿಸೋ ಅಧಿಕಾರಕ್ಕೆ ಒಂದೇ ಲೈಸೆನ್ಸ್ ಕೊಂಡಿದಾರೆ. ಅದು ನನ್ನ ಹೆಸರಲ್ಲಿದೆ. ಪಾಸ್‌ವರ್ಡ್ ಮೂವರ ಹತ್ರ ಇದೆ. ನಾನು, ಗ್ರೆಗ್, ಮಿರ್ನಾ. ಮಿರ್ನಾ ಲಿಂಡ್‌ಕ್ವಿಸ್ಟ್ ಅಂದ್ರೆ ಪದಕೋಶ ನೋಡ್ಕೊಳ್ಳೋರು." ಅವನ ದನಿ ಸಣ್ಣಗಾಯಿತು. "ನನಗೆ ಮಾರ್ಚಿನಲ್ಲಿ ಮಗು ಆಗೋದಿದೆ ಮೇಡಂ. ನನ್ನ ಒಳಗೆ ಹಾಕ್ತೀರಾ?"

ಕೋಲೀನ್ ಪರದೆಯ ಕಡೆ ಬಾಗಿದಳು. ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ನೋಡಿದಳು. ಶನಿವಾರ ಮಧ್ಯಾಹ್ನ ಎರಡರಿಂದ ಸಂಜೆ ಆರೂವರೆ.

"ಎರಡು ಖಾನೆ ಕಿತ್ತುಹಾಕೋಕೆ ಎಷ್ಟು ಹೊತ್ತು ಬೇಕು?"

"ಎರಡು ನಿಮಿಷ."

"ಹಾಗಾದ್ರೆ ಉಳಿದ ಹೊತ್ತೆಲ್ಲಾ ಏನು ಮಾಡಿದ್ರು?"

ಮಾರ್ಕಸ್ ಒಂದೊಂದೇ ಪುಟ ತೆರೆದು ನೋಡಿದ. 'ಉದಾಹರಣೆ' ಎಂಬ ಹಳೆಯ ಖಾನೆ ಉದ್ದವಾಗಿತ್ತು. ಅಳಿದುಹೋಗಬೇಕಿದ್ದ ಟಿಪ್ಪಣಿಗಳೆಲ್ಲ ಅದರೊಳಗೆ ಬಂದು ಕೂತಿದ್ದವು. ಒಂದೊಂದಾಗಿ ಎತ್ತಿ, ಪ್ರತಿ ಪುಟದಲ್ಲೂ ಅಂಟಿಸಿದ್ದರು.

"ಇದೇನು ಹುಚ್ಚು?" ಎಂದ ಹೌಗೆನ್. "ಸಾಕ್ಷ್ಯ ಅಳಿಸೋಕೆ ಬಂದವನು ಟಿಪ್ಪಣಿ ಯಾಕೆ ಉಳಿಸ್ತಾನೆ?"

ಸ್ಟಾಡ್ಲರ್‌ನದು ಬೇಗ ತೀರ್ಮಾನವಾಯಿತು. ಶನಿವಾರ ಮಧ್ಯಾಹ್ನದಿಂದ ಸಂಜೆಯವರೆಗೆ ಅವನು ಮಗಳ ಹಾಕಿ ಪಂದ್ಯದಲ್ಲಿ ಸಮಯದ ಲೆಕ್ಕ ಹಿಡಿಯುವ ಕೆಲಸಕ್ಕೆ ಕೂತಿದ್ದನ್ನು ಅರ್ಧ ಊರು ನೋಡಿತ್ತು. ಮಿರ್ನಾ ಶುಕ್ರವಾರದಿಂದಲೇ ರಜೆಯಲ್ಲಿದ್ದಳು; ಅವಳ ಕಡೆ ಯಾರೂ ನೋಡಲಿಲ್ಲ. ಉಳಿದವನು ಮಾರ್ಕಸ್. ಸರ್ಕಾರಿ ವಕೀಲರು ಫೋನಿನಲ್ಲಿ, "ಹೆಸರಿದೆ, ಅವನು ಎಲ್ಲಿದ್ದ ಅಂತ ಹೇಳೋರಿಲ್ಲ. ಇನ್ನೇನು ಬೇಕು? ನಾಳೆ ಹಿಡ್ಕೊಂಡು ಬನ್ನಿ," ಎಂದರು.

ಸಂಜೆ ವೈನೊ ಮನೆಯ ಪಂಚನಾಮೆ ಮಾಡಬೇಕಿತ್ತು. ಕರೆಂಟ್ ವಾಪಸ್ ಬಂದಿತ್ತು, ಆದರೆ ಅಷ್ಟರಲ್ಲಿ ಬಿಸಿ ಇಲ್ಲದೆ ನೀರು ಹೆಪ್ಪುಗಟ್ಟಿ ಕೊಳವೆ ಒಡೆದಿತ್ತು. ಹೌಗೆನ್ ಮೀಟರಿನ ಫೋಟೋ ತೆಗೆದ. ನಿಂತುಹೋಗಿದ್ದ ಆಮ್ಲಜನಕದ ಮಷಿನ್ನು, ಖಾಲಿಯಾದ ತುರ್ತು ಸಿಲಿಂಡರು, ನೆಲದ ಮೇಲಿದ್ದ ಒಂದು ಚಪ್ಪಲಿ ಎಲ್ಲವನ್ನೂ ಬರೆದುಕೊಂಡ. ಲೆಂಪಿ ನೆನೆದ ರಗ್ಗು, ಡಬ್ಬ, ಹಳೆಯ ಪತ್ರಿಕೆಗಳನ್ನು ಕಸದ ಚೀಲಕ್ಕೆ ತುಂಬುತ್ತಿದ್ದಳು. ನಡುನಡುವೆ ನಿಲ್ಲಿಸಿ, ಅಡುಗೆ ಬರೆದ ಚೀಟಿಗಳನ್ನು ಕೂದಲು ಒಣಗಿಸುವ ಮಷಿನ್ನಿನಿಂದ ಒಂದೊಂದಾಗಿ ಒಣಗಿಸುತ್ತಿದ್ದಳು.

"ಅಣ್ಣನದಾ?" ಎಂದು ಕೋಲೀನ್ ಕೇಳಿದಳು.

"ಹ್ಞೂಂ, ಹಡಗಿನಲ್ಲಿ ಬರೆದದ್ದು. ಬಟಾಣಿ ಸಾರು, ನಲವತ್ತು ಜನಕ್ಕೆ. ಇನ್ಯಾರಿಗೆ ಬೇಕು ಹೇಳಿ ಇದು?" ಲೆಂಪಿ ಚೀಟಿಯನ್ನು ಬೆಳಕಿಗೆ ಹಿಡಿದಳು. "ಅಂಗಡಿಯಿಂದ ತಂದ ಪುಸ್ತಕ ಆಗಿದ್ರೆ ಎಸೀತಿದ್ದೆ. ಕೂತು ಬರೆದದ್ದು ಅಂದ್ರೆ ಕೈ ಬರಲ್ಲ ಮೇಡಂ."

ಕೋಲೀನ್ ಅಲ್ಲೇ ನಿಂತಳು. ಒದ್ದೆ ನೆಲದ ಚಳಿ ಬೂಟಿನೊಳಗೆ ಏರುತ್ತಿತ್ತು. ಹೊರಗೆ ಬಂದು ಮಾರ್ಕಸ್‌ಗೆ ಫೋನ್ ಮಾಡಿದಳು.

"ಆ ಟಿಪ್ಪಣಿಗಳನ್ನ ಬರೆದವರು ಯಾರು?"

"ಬಹುಪಾಲು ಮಿರ್ನಾ. ಹೊಣೆಗಾರರಿಗೆ ದಾರಿ ತೋರಿಸೋಕೆ ಅಂತ ಒಂದು ಬೇಸಿಗೆ ಪೂರ್ತಿ ಕೂತು ಬರೆದಿಟ್ಟು, ಖಾನೆ ಬಂದಮೇಲೆ ಅದರಲ್ಲಿ ಹಾಕಿದ್ರು. ಮಿಕ್ಕವರು ಒಂದು ಚುಕ್ಕೆ ಒತ್ತಿ ಮುಂದೆ ಹೋಗ್ತಾರೆ."

ಕೋಲೀನಳ ಕಿವಿ ಬಿಸಿಯಾಯಿತು.

ಮಂಗಳವಾರ ಬೆಳಿಗ್ಗೆ ಮಿರ್ನಾ ಲಿಂಡ್‌ಕ್ವಿಸ್ಟ್ ಕರೆದ ತಕ್ಷಣ ಬಂದಳು. ಅರವತ್ತರ ಹತ್ತಿರದ ತೆಳ್ಳನೆಯ ಹೆಂಗಸು, ಕೈಯಲ್ಲಿ ಕುಂಬಳಕಾಯಿ ಕೇಕಿನ ತುಂಡುಗಳ ಡಬ್ಬ. ಕೂರುವ ಮೊದಲೇ ಕೇಳಿದಳು: "ಅವರು ಹೇಗಿದಾರೆ?"

"ಹಾಗೇ ಇದಾರೆ. ಸುಮ್ಮನಿರೋ ಹಕ್ಕು ನಿಮಗಿದೆ, ವಕೀಲರನ್ನ ಕರೆಸಿಕೊಳ್ಳೋ ಹಕ್ಕೂ ಇದೆ. ತಿಳೀತಾ?"

"ತಿಳೀತು."

"ಶನಿವಾರ ಎಲ್ಲಿದ್ರಿ?"

"ಮನೇಲಿ. ಬಟ್ಟೆ ಒಗೀತಿದ್ದೆ."

"ಇವತ್ತು ಮಾರ್ಕಸ್‌ನ ಬಂಧಿಸ್ತೀವಿ. ಕೊನೆ ದಿನದ ಖಾನೆ ಅಳಿಸಿದಾನೆ. ಜೊತೆಗೆ ನೀವು ಬರೆದ ಟಿಪ್ಪಣಿಗಳೂ ಹಾಳಾದವಂತೆ. ಒಂದೂ ಉಳಿದಿಲ್ಲ. ಪಾಪ, ಇಡೀ ಬೇಸಿಗೆಯ ಕೆಲಸ ಅಂತೆ."

"ಇಲ್ಲ, ಉಳಿದಿವೆ," ಎಂದಳು ಮಿರ್ನಾ ಥಟ್ಟನೆ. "ಉದಾಹರಣೆ ಖಾನೇಲಿ ಎಲ್ಲಾ ಇವೆ. ಸರಿಯಾಗಿ ನೋಡಿಲ್ಲ ನೀವು."

ಹೌಗೆನ್ ಬರೆಯುವುದನ್ನು ನಿಲ್ಲಿಸಿದ. ಮಿರ್ನಾ ಕೇಕಿನ ಡಬ್ಬದ ಮುಚ್ಚಳ ತೆಗೆದಳು, ಮತ್ತೆ ಮುಚ್ಚಿದಳು.

"ನೀವು ಶುಕ್ರವಾರದಿಂದ ರಜೆ," ಎಂದಳು ಕೋಲೀನ್. "ಅಲ್ಲಿವೆ ಅಂತ ಹೇಗೆ ಗೊತ್ತು?"

ಕೋಣೆಯ ಹೀಟರು ಗರಗರ ಸದ್ದು ಮಾಡುತ್ತಿತ್ತು. ಮಿರ್ನಾ ಡಬ್ಬವನ್ನು ಪಕ್ಕಕ್ಕೆ ಸರಿಸಿದಳು.

"ಮಾರ್ಕಸ್‌ನ ಹಿಡೀಬೇಡಿ," ಎಂದಳು. "ಆ ಹುಡುಗನ ಹೆಸರಿಗೆ ಅಂಟಿಕೊಳ್ಳುತ್ತೆ ಅಂತ ನನಗೆ ಹೊಳೀಲೇ ಇಲ್ಲ. ಆ ಲೈಸೆನ್ಸನ್ನ ಎಲ್ಲರೂ ಕಚೇರಿಯ ಬೀಗದ ಕೈ ಅಂದ್ಕೊಂಡಿದ್ವಿ."

"ನೋಟಿಸ್ ಬಂದಮೇಲೂ ಯಾಕೆ ಅಳಿಸಿದ್ರಿ?"

"ಹೆದರಿ. ಆ ಖಾನೆ ನನ್ನ ಯೋಚನೆ. ಬುಧವಾರ ಸಂಜೆ ಪರದೆ ಮೇಲೆ ಬಂತು: ಗ್ರೆಗ್‌ನ ಪದಗಳನ್ನ ಯಾರೂ ಓದಿಲ್ಲ, ಕೊನೆ ದಿನ ಮುಂದಕ್ಕೆ ಹಾಕ್ಲಾ ಅಂತ. ಪ್ರತಿ ಸಲ ನಾನೇ ಮುಂದಕ್ಕೆ ಹಾಕ್ತಿದ್ದೆ. ಅವತ್ತು ಹಾಕ್ಲಿಲ್ಲ."

"ಗೊತ್ತಿದ್ದೂ?"

"ಮೀಟರಿನ ವಿಷಯ ಗೊತ್ತಿರ್ಲಿಲ್ಲ, ದೇವರಾಣೆ. ಗ್ರೆಗ್‌ನ ಯಾವುದೋ ರಿಪೋರ್ಟ್ ಕೆಡುತ್ತೆ, ನಾಳೆ ಯಾರಾದ್ರೂ ನನ್ನ ಮೇಜಿಗೆ ಓಡಿ ಬಂದು, ಏನಿದು ಮಿರ್ನಾ, ಈ ಪದದ ಅರ್ಥ ಏನು ಅಂತ ಕೇಳ್ತಾರೆ ಅಂದ್ಕೊಂಡೆ. ಗುರುವಾರ ಒಳ್ಳೆ ಸ್ವೆಟರ್ ಹಾಕ್ಕೊಂಡು ಹೋಗಿದ್ದೆ." ಅವಳು ಮೂಗು ಒರೆಸಿಕೊಂಡಳು. "ಕಾದೆ. ಯಾರೂ ಬರ್ಲಿಲ್ಲ. ಸಾಯಂಕಾಲ ಸುದ್ದಿ ಬಂತು. ಆಮೇಲೆ ನೀವು ಬಂದ್ರಿ."

 ಕೋಲೀನಳ ಫೋನು ಗುನುಗಿತು. ಆಸ್ಪತ್ರೆಯ ಆ ಗಡಸು ದನಿಯ ನರ್ಸು. ಈ ಸಲ ಅವಳೇ ಮಾಡಿದ್ದಳು. ಮಾತು ಮುಗಿಸಿ ಕೋಲೀನ್ ಮಿರ್ನಾಳ ಕಡೆ ತಿರುಗಿದಳು.

"ನಳಿಗೆ ತೆಗೆದ್ರಂತೆ. ಕಾಫಿ ಕೇಳಿದ್ರಂತೆ. ಕೊಟ್ಟದ್ದಕ್ಕೆ ಇದೂ ಒಂದು ಕಾಫಿನಾ ಅಂತ ಬೈದ್ರಂತೆ."

ಮಿರ್ನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. 

ಜನವರಿ 27, ಹನ್ನೊಂದೂವರೆಗೆ ಸಾಕ್ಷ್ಯ ನಾಶದ ಆರೋಪದ ಮೇಲೆ ಅವಳ ಬಂಧನವಾಯಿತು. ಹೌಗೆನ್ ಮಾರ್ಕಸ್‌ಗೆ ಫೋನ್ ಮಾಡಿ, ಇನ್ನು ಮೀನು ಹಿಡಿಯಲು ಹೋಗುವಾಗ ಯಾರನ್ನಾದರೂ ಕರೆದುಕೊಂಡು ಹೋಗು ಎಂದ. ಓದದೆ ಬಿಟ್ಟ ಸ್ಟಾಡ್ಲರ್ ಮೇಲೆ ಯಾವ ಕಲಮು ಹಾಕುವುದೆಂದು ಸರ್ಕಾರಿ ವಕೀಲರಿಗೆ ಹೊಳೆಯಲಿಲ್ಲ. ಆ ಮಾತು ಅಲ್ಲಿಗೇ ನಿಂತಿತು.

ಬಂಧನದ ಕಾಗದಗಳನ್ನು, ಕೊನೆಗೆ ಸೇರಿಸಿದ ಶುಕ್ರವಾರದ ಎಫ್‌ಐಆರ್ ಸಹಿತ, ಕೋಲೀನ್ ಮೇಜಿನ ಮೇಲಿಟ್ಟು ಸಹಿಯ ಜಾಗ ತೋರಿಸಿದಳು. ಎಲ್ಲರೂ ಅಲ್ಲಿಗೇ ಪೆನ್ನು ಒಯ್ಯುವರು. ಮಿರ್ನಾ ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಓದತೊಡಗಿದಳು. ಹೌಗೆನ್ ಗಡಿಯಾರ ನೋಡಿದ. ಅವಳು ಪುಟ ತಿರುವಿ, ಕೊನೆಯ ಪುಟದಲ್ಲಿ ಬೆರಳು ನಿಲ್ಲಿಸಿದಳು.

"ಇಲ್ಲಿ 'ಕೃತ್ಯಕ್ಕೆ ಕಾರಣ' ಅಂತ ಇದೆ. ಒಂದು ಚುಕ್ಕೆ ಇದೆಯಲ್ಲ?"

ಕೋಲೀನ್ ಕಾಗದ ವಾಪಸ್ ತೆಗೆದುಕೊಂಡಳು. ಕಂಪ್ಯೂಟರಿನ ಮುಂದೆ ಕೂತು ಚುಕ್ಕೆಯನ್ನು ಅಳಿಸಿದಳು. ಆ ಖಾನೆಯಲ್ಲಿ ಎಷ್ಟು ಅಕ್ಷರ ಹಿಡಿಯುತ್ತದೆ ಎಂಬುದು ಇಷ್ಟು ವರ್ಷದಲ್ಲಿ ಅವಳಿಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಯೋಚಿಸಿ ಬರೆದಳು: ತಾನು ಬರೆದದ್ದನ್ನು ಯಾರಾದರೂ ಒಬ್ಬರು ಓದಲಿ ಎಂದು.

ಮಿರ್ನಾ ಅದನ್ನೂ ಓದಿದಳು. ಆಮೇಲೆ ಸಹಿ ಹಾಕಿದಳು.